ಒಬಿಎಸ್‌ನಲ್ಲಿ ಲೇಔಟ್ ಒಮ್ಮೆ ಕೂರಿಸಿ ಪ್ರತಿ ನಾಟಕಕ್ಕೂ ಅದನ್ನೇ ಬಳಸುವುದು ಹೇಗೆ?

ಪ್ರಶ್ನೆ: ಸರ್, ನಾವು ಮಧುಗಿರಿ, ಕೊರಟಗೆರೆ ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕಗಳನ್ನು ಯೂಟ್ಯೂಬ್‌ಗೆ ಲೈವ್ ಮಾಡುತ್ತೇವೆ. ಒಬಿಎಸ್ ಅನ್ನುವ ಉಚಿತ ಲೈವ್ ಸಾಫ್ಟ್‌ವೇರ್ ಬಳಸುತ್ತೇವೆ. ಒಂದು ಕ್ಯಾಮೆರಾ ಪೂರ್ತಿ ಸ್ಟೇಜಿಗೆ, ಇನ್ನೊಂದು ಕ್ಲೋಸಪ್‌ಗೆ, ಮೂರನೆಯದು ಹಾರ್ಮೋನಿಯಂ ಮೇಷ್ಟ್ರಿಗೆ. ಬಲಗಡೆ ಜಾಹೀರಾತು, ಕೆಳಗೆ ಪಾತ್ರ ಮತ್ತು ಪಾತ್ರಧಾರಿಯ ಹೆಸರು. ಪ್ರತಿ ಊರಲ್ಲೂ ಒಂದೊಂದು ಲೇಯರ್‌ನ ಸೈಜು, ಕ್ರಾಪ್, ಜಾಗ ಎಲ್ಲವನ್ನೂ ಮೊದಲಿಂದ ಎಳೆದು ಕೂರಿಸಬೇಕಾಗಿದೆ. ಒಂದು ಸೀನ್‌ನಲ್ಲಿ ಮಾಡಿದ್ದನ್ನು ಪ್ರೀಸೆಟ್ ಥರ ಸೇವ್ ಮಾಡಿ ಬೇರೆ ಸೀನ್‌ಗೆ, ಬೇರೆ ಲ್ಯಾಪ್‌ಟಾಪ್‌ಗೆ ಹಾಕಲು ಆಗುತ್ತಾ? ವಿಮಿಕ್ಸ್ ಸಾಫ್ಟ್‌ವೇರ್ ಕೊಂಡರೆ ಈ ಕಷ್ಟ ತಪ್ಪುತ್ತಾ?

ಉತ್ತರ: ಒಬಿಎಸ್‌ನಲ್ಲಿ ಒಂದು ಲೇಯರ್‌ನ ಜಾಗ, ಸೈಜು, ಕ್ರಾಪ್ ಮೂರನ್ನೂ ಸೇರಿಸಿ, ಹೆಸರು ಕೊಟ್ಟು ಪ್ರೀಸೆಟ್ ಆಗಿ ಉಳಿಸುವ ಬಟನ್ ಇಲ್ಲ. ಸುಮ್ನೆ ಮೆನು ಮೆನು ಹುಡುಕಬೇಡಿ. ಆದರೆ ನಿಮಗೆ ಬೇಕಾದ ಕೆಲಸ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಅದಕ್ಕೆ ಕ್ಯಾಮೆರಾ ಬೇರೆ, ಅದು ಕೂರುವ ಜಾಗ ಬೇರೆ ಅಂತ ವಿಂಗಡಿಸಿಕೊಳ್ಳಬೇಕು. ಈಗ ನಿಮ್ಮ ಸೀನ್‌ಗಳಲ್ಲಿ ಇವೆರಡೂ ಅಂಟಿಕೊಂಡು ಕೂತಿವೆ. ಅದಕ್ಕೇ ಕ್ಯಾಮೆರಾ ಬದಲಾದಾಗಲೆಲ್ಲ ಲೇಔಟೂ ಕೆಡುತ್ತಿದೆ. ಮದುವೆ ಊಟದಲ್ಲಿ ಮೊದಲು ಎಲೆ ಹಾಕುತ್ತಾರೆ, ಆ ಎಲೆಗೆ ಯಾರು ಕೂರುತ್ತಾರೆ ಅನ್ನುವುದು ಆಮೇಲಿನ ಮಾತು, ಅಲ್ವಾ? ಇಲ್ಲೂ ಹಾಗೇ ಮಾಡಬೇಕು.

ಮೊದಲು ಒಬಿಎಸ್ ಯಾವುದನ್ನು ಎಲ್ಲಿ ಇಡುತ್ತದೆ ಅಂತ ನೋಡೋಣ. ಇದು ಸ್ಪಷ್ಟವಾಗದೆ ಮುಂದೆ ಹೋದರೆ ಎಲ್ಲವೂ ಗೊಂದಲವೇ. ಸೀನ್ ಅಂದರೆ ಒಂದು ಪರದೆಯ ಪೂರ್ತಿ ಜೋಡಣೆ, ಅದರಲ್ಲಿ ಹಾಕುವ ಕ್ಯಾಮೆರಾ, ಫೋಟೋ, ಅಕ್ಷರ ಒಂದೊಂದೂ ಸೋರ್ಸ್, ನೀವು ಲೇಯರ್ ಅನ್ನುವುದು ಇದನ್ನೇ. ಒಂದು ಸೋರ್ಸ್‌ನ ಜಾಗ, ಅಳತೆ, ತಿರುವು, ಆಲ್ಟ್ ಒತ್ತಿ ಎಳೆದು ಮಾಡುವ ಕ್ರಾಪ್, ಇವೆಲ್ಲ ಆ ಸೀನ್‌ಗೆ ಸೇರಿದ್ದು. ಅದೇ ಕ್ಯಾಮೆರಾವನ್ನು ಇನ್ನೊಂದು ಸೀನ್‌ಗೆ ಹಾಕಿದರೆ ಅಲ್ಲಿ ಅದರ ಜಾಗ ಬೇರೆ ಇರಬಹುದು. ಆದರೆ ಫಿಲ್ಟರ್‌ಗಳು ಸೋರ್ಸ್‌ಗೇ ಸೇರಿದ್ದು. ಕಲರ್ ಕರೆಕ್ಷನ್, ಕ್ರೋಮಾ ಕೀ, ಕ್ರಾಪ್ ಫಿಲ್ಟರ್, ಯಾವುದೇ ಇರಲಿ, ಒಂದು ಕಡೆ ಬದಲಿಸಿದರೆ ಆ ಸೋರ್ಸ್ ಇರುವ ಎಲ್ಲ ಸೀನ್‌ನಲ್ಲೂ ಬದಲಾಗುತ್ತದೆ. ಮ್ಯೂಟ್ ಕೂಡ ಅಷ್ಟೇ. ಇನ್ನು ಸ್ಟ್ರೀಮ್ ಕೀ (ನಿಮ್ಮ ಚಾನೆಲ್‌ಗೆ ಲೈವ್ ಬಿಡಲು ಯೂಟ್ಯೂಬ್ ಕೊಡುವ ಗುಟ್ಟಿನ ಕೋಡು), ಬಿಟ್‌ರೇಟ್, ರೆಸಲ್ಯೂಷನ್ ಇವು ಸೀನ್‌ಗಳ ಜೊತೆ ಇರುವುದೇ ಇಲ್ಲ, ಪ್ರೊಫೈಲ್ ಅನ್ನುವ ಬೇರೆ ಜಾಗದಲ್ಲಿ ಇರುತ್ತವೆ. ಸೀನ್‌ಗಳೆಲ್ಲ ಸೇರಿದ ಕಟ್ಟಿಗೆ ಸೀನ್ ಕಲೆಕ್ಷನ್ ಅಂತ ಹೆಸರು.

ಒಂದು ಸಲ ಕ್ರಾಪ್ ಮಾಡಿದ್ದು ಎಲ್ಲ ಸೀನ್‌ಗೂ ಬರುತ್ತದೆ, ಇನ್ನೊಂದು ಸಲ ಬರುವುದೇ ಇಲ್ಲ ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಕಾರಣ ಇದೇ. ಫಿಲ್ಟರ್ ಹಾಕಿ ಮಾಡಿದ ಕ್ರಾಪ್ ಎಲ್ಲ ಕಡೆ ಬರುತ್ತದೆ, ಆಲ್ಟ್ ಒತ್ತಿ ಎಳೆದದ್ದು ಆ ಒಂದು ಸೀನ್‌ಗೆ ಮಾತ್ರ. ಲೇಔಟ್ ಕೆಲಸಕ್ಕೆ ಎರಡನೆಯದೇ ಸರಿ.

ಒಂದೇ ಲ್ಯಾಪ್‌ಟಾಪ್‌ನಲ್ಲಿ ಒಂದು ಸೀನ್‌ನಿಂದ ಇನ್ನೊಂದಕ್ಕೆ ಅಳತೆ ಒಯ್ಯಲು ಸುಲಭ ದಾರಿ ಇದೆ. ಸೋರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಟ್ರಾನ್ಸ್‌ಫಾರ್ಮ್ ಒಳಗೆ ಕಾಪಿ ಟ್ರಾನ್ಸ್‌ಫಾರ್ಮ್ ಒತ್ತಿ. ಇನ್ನೊಂದು ಸೀನ್‌ಗೆ ಹೋಗಿ, ಅಲ್ಲಿಯ ಸೋರ್ಸ್ ಆರಿಸಿ ಪೇಸ್ಟ್ ಟ್ರಾನ್ಸ್‌ಫಾರ್ಮ್. ಜಾಗ, ಅಳತೆ, ಕ್ರಾಪ್ ಎಲ್ಲ ಬರುತ್ತದೆ. ಫಿಲ್ಟರ್‌ಗಳಿಗೆ ಇದೇ ಥರ ಕಾಪಿ ಫಿಲ್ಟರ್ಸ್, ಪೇಸ್ಟ್ ಫಿಲ್ಟರ್ಸ್ ಬೇರೆ ಇದೆ. ಆದರೆ ಈ ಕಾಪಿ ಒಂದೇ ಒಂದು ನೆನಪಿರುತ್ತದೆ, ಒಬಿಎಸ್ ಮುಚ್ಚಿದರೆ ಅದೂ ಹೋಯಿತು. ಹಾಗಾಗಿ ಇದನ್ನು ಪ್ರೀಸೆಟ್ ಅಂತ ನಂಬಿ ಕೂರಬೇಡಿ.

ಈಗ ಕ್ಯಾಮೆರಾಗಳನ್ನು ಬೇರೆ ಮಾಡುವ ಕೆಲಸ. ಮೂರು ಕ್ಯಾಮೆರಾಗೂ ಒಂದೊಂದು ಸೀನ್ ಮಾಡಿ. ಹೆಸರು ಸರಳವಾಗಿರಲಿ: ಕ್ಯಾಮ್ ಸ್ಟೇಜ್, ಕ್ಯಾಮ್ ಕ್ಲೋಸಪ್, ಕ್ಯಾಮ್ ಮೇಷ್ಟ್ರು. ಪ್ರತಿಯೊಂದರಲ್ಲೂ ಒಂದೇ ಸೋರ್ಸ್ ಇರಬೇಕು, ಆ ಕ್ಯಾಮೆರಾವನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಕ್ಯಾಪ್ಚರ್ ಕಾರ್ಡು, ಅಷ್ಟೇ. ಅದನ್ನು ಆರಿಸಿ ಕಂಟ್ರೋಲ್ ಮತ್ತು ಎಫ್ ಒತ್ತಿ. ಪರದೆಗೆ ಸರಿಯಾಗಿ ಕೂರುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಕೆಲಸವನ್ನೂ ಈ ಕೀ ಮಾಡುತ್ತದೆ: ಸೋರ್ಸ್‌ಗೆ ಪೂರ್ತಿ ಪರದೆಯಷ್ಟು ದೊಡ್ಡ ಬೌಂಡಿಂಗ್ ಬಾಕ್ಸ್, ಅಂದರೆ ಚಿತ್ರ ಕೂರುವ ಚೌಕಟ್ಟು, ಹಾಕುತ್ತದೆ. ಅಂದರೆ ನಾಳೆ ಇನ್ನೊಬ್ಬರ ಕ್ಯಾಮೆರಾ ತಂದಿರಿ, ಅದು 1920×1080 ಬದಲು 1280×720 ಕೊಟ್ಟಿತು ಅಂದುಕೊಳ್ಳಿ. ಮೂಲೆಯಲ್ಲಿ ಸಣ್ಣದಾಗಿ ಕೂರುವುದಿಲ್ಲ, ತಾನೇ ದೊಡ್ಡದಾಗಿ ಪೂರ್ತಿ ತುಂಬುತ್ತದೆ. ಬೌಂಡಿಂಗ್ ಬಾಕ್ಸ್ ಇಲ್ಲದಿದ್ದರೆ ಒಬಿಎಸ್ ಅಳತೆಯನ್ನು "ಮೂಲ ಚಿತ್ರದ ಇಷ್ಟು ಪಟ್ಟು" ಅಂತ ಇಟ್ಟುಕೊಳ್ಳುತ್ತದೆ, ಮೂಲ ಬದಲಾದರೆ ಎಲ್ಲವೂ ಬದಲು. ನೀವು ಪ್ರತಿ ಊರಲ್ಲಿ ಮತ್ತೆ ಎಳೆದು ಕೂರಿಸುತ್ತಿರುವುದಕ್ಕೆ ಬಹುಪಾಲು ಇದೇ ಕಾರಣ ಇರಬೇಕು.

ಆಮೇಲೆ ಲೇಔಟ್ ಸೀನ್‌ಗಳು. ಇವುಗಳಲ್ಲಿ ಕ್ಯಾಪ್ಚರ್ ಕಾರ್ಡನ್ನು ನೇರವಾಗಿ ಹಾಕಲೇಬೇಡಿ. ಪ್ಲಸ್ ಒತ್ತಿ ಸೋರ್ಸ್ ಪಟ್ಟಿಯಲ್ಲಿ ಸೀನ್ ಅಂತ ಆರಿಸಿ, ಕ್ಯಾಮ್ ಸ್ಟೇಜ್ ಅನ್ನುವ ಸೀನ್ ಅನ್ನೇ ಒಂದು ಸೋರ್ಸ್ ಆಗಿ ಹಾಕಿ. ಹೀಗೆ ಸೀನ್ ಒಳಗೆ ಸೀನ್ ಹಾಕಿದಾಗ ಒಳಗಿನದು ಯಾವಾಗಲೂ ಕ್ಯಾನ್ವಾಸ್‌ನ, ಅಂದರೆ ಒಬಿಎಸ್‌ನ ಪೂರ್ತಿ ಪರದೆಯ, ಅಳತೆಯಲ್ಲೇ ಇರುತ್ತದೆ, ನಿಮ್ಮ ಕ್ಯಾನ್ವಾಸ್ 1920×1080 ಇದ್ದರೆ ಅಷ್ಟೇ. ಯಾವ ಕ್ಯಾಮೆರಾ ಬಂದರೂ ಲೇಔಟ್‌ಗೆ ಅದರ ಸುದ್ದಿಯೇ ಗೊತ್ತಾಗುವುದಿಲ್ಲ. ಕ್ರಾಪ್‌ಗೂ ಇದು ಒಳ್ಳೆಯದು. ಕ್ರಾಪ್ ಪಿಕ್ಸೆಲ್ ಲೆಕ್ಕದಲ್ಲಿ ಇರುತ್ತದೆ. 1920 ಅಗಲದ ಚಿತ್ರದಲ್ಲಿ 480 ಪಿಕ್ಸೆಲ್ ಅಂದರೆ ಕಾಲು ಭಾಗ, 1280ರ ಚಿತ್ರದಲ್ಲಿ ಅದೇ 480 ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರ ತಲೆ ಅರ್ಧಕ್ಕೆ ಕತ್ತರಿಸುವುದು ಹೀಗೇ!

ಇನ್ನೊಂದು ಲಾಭ ಇದೆ. ಒಂದು ಕ್ಯಾಪ್ಚರ್ ಕಾರ್ಡನ್ನು ಎರಡು ಸಲ ಬೇರೆ ಬೇರೆ ಸೋರ್ಸ್ ಆಗಿ ಸೇರಿಸಿದರೆ ಸಾಮಾನ್ಯವಾಗಿ ಎರಡನೆಯದು ಕಪ್ಪಾಗಿ ನಿಲ್ಲುತ್ತದೆ. ಮೇಲೆ ಹೇಳಿದ ಹಾಗೆ ಮಾಡಿದರೆ ಕಾರ್ಡು ಒಂದೇ ಕಡೆ ಇರುತ್ತದೆ, ಆ ಸಮಸ್ಯೆಯೇ ಬರುವುದಿಲ್ಲ.

ಲೇಔಟ್‌ನ ಅಳತೆಯನ್ನು ಮೌಸ್‌ನಲ್ಲಿ ಎಳೆದು ಮಾಡಬೇಡಿ. ಅಂಕಿ ಕೊಟ್ಟು ಮಾಡಿ. ಸೋರ್ಸ್ ಆರಿಸಿ ಕಂಟ್ರೋಲ್ ಮತ್ತು ಇ ಒತ್ತಿದರೆ ಎಡಿಟ್ ಟ್ರಾನ್ಸ್‌ಫಾರ್ಮ್ ಕಿಟಕಿ ಬರುತ್ತದೆ. ನಿಮ್ಮ ನಾಟಕದ ಲೇಔಟ್‌ಗೆ ನಾನು ಒಂದು ಲೆಕ್ಕ ಕೊಡುತ್ತೇನೆ. 1920×1080 ಪರದೆಯನ್ನು ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಮಾಡಿ. ಒಂದೊಂದು ಮನೆ 480×270 ಬರುತ್ತದೆ, ಅದೂ 16:9 ಆಕಾರವೇ. ಮುಖ್ಯ ಚಿತ್ರಕ್ಕೆ ಮೂರು ಮನೆ ಅಗಲ, ಮೂರು ಮನೆ ಎತ್ತರ ಕೊಡಿ, ಅಂದರೆ 1440×810, ಮೇಲಿನ ಎಡ ಮೂಲೆಯಲ್ಲಿ, ಪೊಸಿಷನ್ 0, 0. ಬಲಗಡೆ 480 ಅಗಲದ ಕಂಬ ಉಳಿಯಿತು. ಅದರ ಮೇಲಿನ ಮನೆ ಮೇಷ್ಟ್ರ ಕ್ಯಾಮೆರಾಗೆ: ಪೊಸಿಷನ್ 1440, 0, ಅಳತೆ 480×270. ಅದರ ಕೆಳಗೆ ಎರಡು ಮನೆ ಸೇರಿಸಿ ಜಾಹೀರಾತು: ಪೊಸಿಷನ್ 1440, 270, ಅಳತೆ 480×540. ಕೆಳಗಿನ ಬಲ ಮೂಲೆ ನಿಮ್ಮ ಚಾನೆಲ್ ಲೋಗೋಗೆ, 1440, 810. ಉಳಿದ ಕೆಳಗಿನ ಪಟ್ಟಿ 1440×270, ಅಲ್ಲಿ ಪಾತ್ರದ ಹೆಸರು, ಪಾತ್ರಧಾರಿ, ಊರು, ನಾಟಕ ಮಂಡಳಿ. ಕ್ಯಾಮೆರಾ ಚಿತ್ರದ ಆಕಾರ ಎಲ್ಲೂ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಪಕ್ಕದಲ್ಲಿ ಕಪ್ಪು ಗೆರೆ ಬರುವುದಿಲ್ಲ.

ಪ್ರತಿಯೊಂದಕ್ಕೂ ಬೌಂಡಿಂಗ್ ಬಾಕ್ಸ್ ಟೈಪ್‌ನಲ್ಲಿ ಸ್ಕೇಲ್ ಟು ಇನ್ನರ್ ಬೌಂಡ್ಸ್ ಆರಿಸಿ, ಅದರ ಅಳತೆಯಲ್ಲಿ ಮೇಲಿನ ಅಂಕಿ ಹಾಕಿ. ಒಳಗೆ ಏನೇ ಬಂದರೂ ಆ ಮನೆಯ ಒಳಗೇ ಇರುತ್ತದೆ, ಹೊರಗೆ ಚಾಚುವುದಿಲ್ಲ. ಜಾಹೀರಾತಿಗೆ ಇದು ತುಂಬಾ ಮುಖ್ಯ. ಯಾರೋ ಒಬ್ಬರು ರಸಗೊಬ್ಬರ ಅಂಗಡಿಯ ಬ್ಯಾನರ್ ಅನ್ನು ಅಡ್ಡಡ್ಡ ಕಳಿಸುತ್ತಾರೆ, ಇನ್ನೊಬ್ಬರು ಮೊಬೈಲ್‌ನಲ್ಲಿ ತೆಗೆದ ಉದ್ದುದ್ದ ಫೋಟೋ ಕಳಿಸುತ್ತಾರೆ, ಅದೂ ಮೊದಲ ದೃಶ್ಯ ಶುರುವಾದ ಮೇಲೆ. ಬಾಕ್ಸ್ ಇದ್ದರೆ ಎರಡೂ ತಮ್ಮ ಪಾಡಿಗೆ ಕೂರುತ್ತವೆ.

ಭೀಮ, ದುರ್ಯೋಧನರ ಸವಾಲು ಜವಾಬಿಗೆ ಇನ್ನೊಂದು ಲೇಔಟ್ ಮಾಡಿಕೊಳ್ಳಿ, ಜನ ಅದನ್ನೇ ಕಾಯುತ್ತಿರುತ್ತಾರೆ. ಮುಖ್ಯ ಜಾಗ 1440×810 ಇದೆಯಲ್ಲ, ಅದನ್ನು ಎರಡು ಉದ್ದನೆ ಭಾಗ ಮಾಡಿ, ಒಂದೊಂದು 720×810. ಎಡಕ್ಕೆ ಕ್ಯಾಮ್ ಸ್ಟೇಜ್, ಬಲಕ್ಕೆ ಕ್ಯಾಮ್ ಕ್ಲೋಸಪ್. ಎರಡಕ್ಕೂ ಕ್ರಾಪ್‌ನಲ್ಲಿ ಎಡ 480, ಬಲ 480 ಹಾಕಿ. 960×1080 ಉಳಿಯುತ್ತದೆ, ಅದು 720×810 ಬಾಕ್ಸಿಗೆ ಸರಿಯಾಗಿ ಕೂರುತ್ತದೆ. ಲೆಕ್ಕ ನೀವೇ ಮಾಡಿ ನೋಡಿ, ಒಂದು ಪಿಕ್ಸೆಲ್ಲೂ ಆಚೀಚೆ ಆಗುವುದಿಲ್ಲ. ಇಬ್ಬರೂ ಫ್ರೇಮಿನ ನಡುವೆ ಇರುವ ಹಾಗೆ ಹಿಡಿಯುವುದು ಕ್ಯಾಮೆರಾದವರ ಕೆಲಸ, ಅದಕ್ಕೆ ಲೇಔಟ್ ಅಲ್ಲಾಡಿಸಬೇಡಿ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ವೇದಿಕೆಯೂ ಹಳ್ಳಿಯ ದೇವಸ್ಥಾನದ ಮುಂದಿನ ಪೆಂಡಾಲೂ ಒಂದೇ ಅಗಲ ಇರುವುದಿಲ್ಲ. ಆ ವ್ಯತ್ಯಾಸ ಲೆನ್ಸ್‌ನಲ್ಲಿ ಸರಿಹೋಗಬೇಕು, ಟ್ರೈಪಾಡ್ ಇಡುವ ಜಾಗದಲ್ಲಿ ಸರಿಹೋಗಬೇಕು. ಬಣ್ಣ ಬೇಕಾದರೆ ಕ್ಯಾಮ್ ಸೀನ್ ಒಳಗಿನ ಕ್ಯಾಪ್ಚರ್ ಸೋರ್ಸ್‌ಗೆ ಕಲರ್ ಕರೆಕ್ಷನ್ ಫಿಲ್ಟರ್ ಹಾಕಿ ಸರಿಮಾಡಿ. ಒಂದು ಕಡೆ ಮಾಡಿದರೆ ಎಲ್ಲ ಲೇಔಟ್‌ಗೂ ಬರುತ್ತದೆ.

ಒಂದು ಲೇಔಟ್ ಸರಿಯಾದ ಮೇಲೆ ಇನ್ನೊಂದನ್ನು ಸೊನ್ನೆಯಿಂದ ಮಾಡಬೇಕಿಲ್ಲ. ಸೀನ್ ಮೇಲೆ ರೈಟ್ ಕ್ಲಿಕ್ ಮಾಡಿ ಡುಪ್ಲಿಕೇಟ್. ಜಾಗಗಳು ಹಾಗೇ ಬರುತ್ತವೆ, ಒಳಗಿನ ಸೋರ್ಸ್‌ಗಳು ಅವೇ ಹಳೆಯವು. ಬೇಡದ್ದನ್ನು ತೆಗೆದು, ಬೇಕಾದ್ದನ್ನು ಹಾಕಿ, ಜಾಗಕ್ಕೆ ಪೇಸ್ಟ್ ಟ್ರಾನ್ಸ್‌ಫಾರ್ಮ್. ಎಲ್ಲ ಮುಗಿದ ಮೇಲೆ ಪ್ರತಿ ಸೋರ್ಸ್ ಪಕ್ಕದ ಬೀಗದ ಗುರುತು ಒತ್ತಿ ಲಾಕ್ ಮಾಡಿ.

ಈ ಲಾಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ವರ್ಡ್, ಫೋಟೋಶಾಪ್ ಬಳಸಿ ರೂಢಿಯಾದವರ ಕೈ ತಾನೇ ಕಂಟ್ರೋಲ್ ಮತ್ತು ಎಸ್ ಮೇಲೆ ಹೋಗುತ್ತದೆ, ಸೇವ್ ಮಾಡೋಣ ಅಂತ. ಒಬಿಎಸ್‌ನಲ್ಲಿ ಕಂಟ್ರೋಲ್ ಎಸ್ ಅಂದರೆ ಸೇವ್ ಅಲ್ಲ, ಸ್ಟ್ರೆಚ್ ಟು ಸ್ಕ್ರೀನ್. ಆ ಹೊತ್ತಿಗೆ ಜಾಹೀರಾತಿನ ಸೋರ್ಸ್ ಆರಿಸಿದ್ದರೆ ಅದು ಪೂರ್ತಿ ಪರದೆಗೆ ಹಿಗ್ಗಿ ಕೃಷ್ಣ, ಅರ್ಜುನ ಎಲ್ಲರನ್ನೂ ಮುಚ್ಚಿ ಕೂರುತ್ತದೆ. ಲಾಕ್ ಆಗಿದ್ದರೆ ಏನೂ ಆಗುವುದಿಲ್ಲ. ಹಾಗೇನಾದರೂ ಆದರೆ ಕಂಟ್ರೋಲ್ ಝಡ್ ಇದೆ, 2021ರಲ್ಲಿ ಬಂದ 27ನೇ ಆವೃತ್ತಿಯಿಂದ ಒಬಿಎಸ್‌ನಲ್ಲಿ ಅನ್‌ಡೂ ಕೆಲಸ ಮಾಡುತ್ತದೆ. ಅದಕ್ಕಿಂತ ಹಳೆಯದು ಇನ್ನೂ ಇಟ್ಟುಕೊಂಡಿದ್ದರೆ ದಯವಿಟ್ಟು ಬದಲಿಸಿ.

ಸೇವ್ ಬಟನ್ ಯಾಕಿಲ್ಲ ಅಂದರೆ ಒಬಿಎಸ್ ತಾನೇ ಸೇವ್ ಮಾಡಿಕೊಳ್ಳುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಪ್ರೀಸೆಟ್ ವಿಷಯದಲ್ಲಿ ಇದೇ ದೊಡ್ಡ ತೊಂದರೆ. ರಾತ್ರಿ ಎರಡು ಗಂಟೆಗೆ ಯಾರೋ ಬಂದು "ನಮ್ಮ ಅಂಗಡಿ ಬೋರ್ಡು ಸ್ವಲ್ಪ ದೊಡ್ಡದಾಗಿ ಕಾಣಲಿ" ಅಂದರು, ನೀವು ಎಳೆದು ದೊಡ್ಡದು ಮಾಡಿದಿರಿ. ಆ ಬದಲಾವಣೆ ಉಳಿದುಬಿಟ್ಟಿತು. ಮುಂದಿನ ಊರಿಗೆ ಹೋದಾಗ ನಿಮ್ಮ ಚೊಕ್ಕ ಲೇಔಟ್ ಇಲ್ಲ, ಹಿಂದಿನ ರಾತ್ರಿಯ ಗಡಿಬಿಡಿಯ ಲೇಔಟ್ ಇದೆ. ಆದ್ದರಿಂದ ಮೂಲ ಕಲೆಕ್ಷನ್‌ನಲ್ಲಿ ಎಂದೂ ಕಾರ್ಯಕ್ರಮ ಮಾಡಬೇಡಿ. ಅದಕ್ಕೆ "ನಾಟಕ ಮೂಲ" ಅಂತ ಹೆಸರಿಟ್ಟು ಬಿಡಿ. ಪ್ರತಿ ಊರಿಗೆ ಹೋಗುವ ಮುಂಚೆ ಮೇಲಿನ ಸೀನ್ ಕಲೆಕ್ಷನ್ ಮೆನುವಿನಲ್ಲಿ ಡುಪ್ಲಿಕೇಟ್ ಒತ್ತಿ, ಊರಿನ ಹೆಸರು ಮತ್ತು ತಾರೀಖು ಕೊಡಿ, ಕೆಲಸವೆಲ್ಲ ಅದರಲ್ಲಿ ಮಾಡಿ. ಏನೇ ಹಾಳಾದರೂ ಆ ಊರಿನ ಪ್ರತಿ ಹಾಳಾಗುತ್ತದೆ, ಮೂಲ ಹಾಗೇ ಇರುತ್ತದೆ. ನನ್ನ ಕೇಳಿದರೆ ನೀವು ಕೇಳಿದ ಪ್ರೀಸೆಟ್ ಅಂದರೆ ಈ ಮೂಲ ಕಲೆಕ್ಷನ್ನೇ.

ಸಿದ್ಧಗಂಗೆ ಜಾತ್ರೆ, ಮದುವೆ, ಶಾಲೆಯ ವಾರ್ಷಿಕೋತ್ಸವ ಅಂತ ಬೇರೆ ಕೆಲಸಗಳೂ ಬಂದರೆ ಅವಕ್ಕೆ ಬೇರೆ ಬೇರೆ ಮೂಲ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಕಲೆಕ್ಷನ್‌ಗೆ ತುರುಕಿದರೆ ಸೀನ್ ಪಟ್ಟಿ ಉದ್ದವಾಗಿ ಗಡಿಬಿಡಿಯಲ್ಲಿ ಬೇರೆಯದನ್ನು ಒತ್ತುತ್ತೀರಿ. ಒಂದು ಎಚ್ಚರ: ಲೈವ್ ನಡೆಯುವಾಗ ಕಲೆಕ್ಷನ್ ಬದಲಿಸಬೇಡಿ. ಎಲ್ಲ ಸೋರ್ಸ್ ಮುಚ್ಚಿ ಮತ್ತೆ ತೆರೆಯಬೇಕಾಗುತ್ತದೆ, ಅಷ್ಟು ಹೊತ್ತು ನೋಡುವವರಿಗೆ ಕಪ್ಪು ಪರದೆ.

ಬೇರೆ ಲ್ಯಾಪ್‌ಟಾಪ್‌ಗೆ ಒಯ್ಯುವುದು. ಅದೇ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಇದೆ, ಒಂದು ಜೇಸನ್ ಫೈಲ್ ಬರುತ್ತದೆ. ಇನ್ನೊಂದು ಕಡೆ ಇಂಪೋರ್ಟ್. ಆದರೆ ಆ ಫೈಲ್‌ನಲ್ಲಿ ಲೋಗೋ, ಜಾಹೀರಾತು, ವಿಡಿಯೋ ಯಾವುದೂ ಇರುವುದಿಲ್ಲ, ಅವು ಎಲ್ಲಿವೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಟೋ, ಡೌನ್‌ಲೋಡ್ಸ್‌ನಲ್ಲಿ ಒಂದು, ವಾಟ್ಸಾಪ್ ಫೋಲ್ಡರ್‌ನಲ್ಲಿ ಒಂದು ಅಂತ ಹರಡಿಕೊಂಡಿದ್ದರೆ ಅಲ್ಲಿ ಒಂದೂ ಕಾಣುವುದಿಲ್ಲ. ಎರಡೂ ಲ್ಯಾಪ್‌ಟಾಪ್‌ನಲ್ಲಿ ಒಂದೇ ಡ್ರೈವ್, ಒಂದೇ ಹೆಸರಿನ ಫೋಲ್ಡರ್ ಮಾಡಿ, ಡಿ ಡ್ರೈವ್‌ನಲ್ಲಿ ಲೈವ್ ಅಂತ ಇರಲಿ. ಎಲ್ಲವೂ ಅದರೊಳಗೆ. ಫೋಲ್ಡರನ್ನು ಹಾಗೇ ಕಾಪಿ ಮಾಡಿದರೆ ವಿಳಾಸಗಳೂ ಹೊಂದುತ್ತವೆ. ತಪ್ಪಿ ಹೋದದ್ದಿದ್ದರೆ ಒಬಿಎಸ್ ತೆರೆಯುವಾಗಲೇ ಕಾಣೆಯಾದ ಫೈಲ್‌ಗಳ ಪಟ್ಟಿ ತೋರಿಸುತ್ತದೆ, ಫೋಲ್ಡರ್ ತೋರಿಸಿದರೆ ಹುಡುಕಿಕೊಳ್ಳುತ್ತದೆ. ಜಾಹೀರಾತಿಗೆ ಇಮೇಜ್ ಸ್ಲೈಡ್ ಶೋ ಸೋರ್ಸ್ ಹಾಕಿ, ಅದಕ್ಕೆ ಒಂದೊಂದು ಫೋಟೋ ಸೇರಿಸುವ ಬದಲು ಫೋಲ್ಡರ್ ಅನ್ನೇ ಕೊಡಿ. ಹೊಸ ಊರಿನಲ್ಲಿ ಆ ಫೋಲ್ಡರ್‌ನ ಫೋಟೋ ಬದಲಿಸಿದರೆ ಸಾಕು, ಸೀನ್ ಮುಟ್ಟುವ ಹಾಗೇ ಇಲ್ಲ.

ಕ್ಯಾಪ್ಚರ್ ಕಾರ್ಡುಗಳನ್ನು ಹೊಸ ಲ್ಯಾಪ್‌ಟಾಪ್ ಗುರುತಿಸದೇ ಹೋಗಬಹುದು. ಆಗ ಮೂರು ಕ್ಯಾಮ್ ಸೀನ್‌ಗೆ ಹೋಗಿ ಡಿವೈಸ್ ಆರಿಸಿ. ಮೂರೇ ಜಾಗ. ಲೇಔಟ್ ಹತ್ತಿದ್ದರೂ ಇಪ್ಪತ್ತಿದ್ದರೂ ಮೂರೇ.

ಆದರೆ ಕನ್ನಡದ ಕೆಲಸ ಮಾಡುವವರಿಗೆ ಇಲ್ಲೊಂದು ಬೇರೆ ತಲೆನೋವಿದೆ, ಅದೇ ಫಾಂಟು. ಅದು ಕೂಡ ಜೇಸನ್ ಜೊತೆ ಬರುವುದಿಲ್ಲ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಹೆಸರು ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ದುರ್ಯೋಧನ ಹೋಗಿ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದೆ, ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಪಾವಗಡ ಕಡೆ ಹೋದಾಗ ತೆಲುಗಿನಲ್ಲೂ ಹೆಸರು ಹಾಕಿ ಅನ್ನುವವರಿರುತ್ತಾರೆ, ನಿರ್ಮಲಾ ಯುಐನಲ್ಲಿ ಎರಡೂ ಲಿಪಿ ಇರುವುದರಿಂದ ಒಂದೇ ಸೋರ್ಸ್‌ನಲ್ಲಿ ಮುಗಿಯುತ್ತದೆ. ಬಳಸುವ ಫಾಂಟ್ ಫೈಲನ್ನೂ ಆ ಲೈವ್ ಫೋಲ್ಡರ್‌ಗೇ ಹಾಕಿಡಿ, ಹೊಸ ಯಂತ್ರದಲ್ಲಿ ಮೊದಲು ಅದನ್ನು ಇನ್‌ಸ್ಟಾಲ್ ಮಾಡಿ, ಆಮೇಲೆ ಒಬಿಎಸ್ ತೆರೆಯಿರಿ.

ಹೆಸರಿನ ಪಟ್ಟಿಗೆ ಪ್ರತಿ ಪಾತ್ರಕ್ಕೆ ಒಂದು ಟೆಕ್ಸ್ಟ್ ಸೋರ್ಸ್ ಮಾಡುತ್ತಿದ್ದರೆ ನಿಲ್ಲಿಸಿ. ಒಂದೇ ಸೋರ್ಸ್ ಮಾಡಿ, ಅದನ್ನೇ ಎಲ್ಲ ಲೇಔಟ್‌ಗೂ ಹಾಕಿ. ಸೇರಿಸುವಾಗ ಹೊಸದು ಮಾಡಬೇಡಿ, ಈಗಾಗಲೇ ಇರುವುದನ್ನು ಆರಿಸಿ. ಅದರ ಪ್ರಾಪರ್ಟೀಸ್‌ನಲ್ಲಿ ಫೈಲ್‌ನಿಂದ ಓದು ಅನ್ನುವ ಆಯ್ಕೆ ಇದೆ. ಒಂದು ನೋಟ್‌ಪ್ಯಾಡ್ ಫೈಲ್ ತೋರಿಸಿ, ಯುಟಿಎಫ್ 8ರಲ್ಲಿ ಸೇವ್ ಮಾಡಿ. ಫೈಲ್ ಬದಲಾದ ಕೂಡಲೇ ಪರದೆ ಮೇಲೂ ಬದಲಾಗುತ್ತದೆ. ಪಕ್ಕದಲ್ಲಿ ಕೂತ ಹುಡುಗ ಪಾತ್ರಗಳ ಪಟ್ಟಿ ಹಿಡಿದುಕೊಂಡು ಹೆಸರು ಬದಲಿಸುತ್ತಾ ಹೋದರೆ ನಿಮ್ಮ ಗಮನ ಕ್ಯಾಮೆರಾ ಮೇಲೆ ಇರಬಹುದು. ಟೆಕ್ಸ್ಟ್‌ಗೆ ಬೌಂಡಿಂಗ್ ಬಾಕ್ಸ್ ಟೈಪ್ ಬೇರೆ ಹಾಕಿ: ಮ್ಯಾಕ್ಸಿಮಮ್ ಸೈಜ್ ಓನ್ಲಿ. ಉದ್ದ ಹೆಸರು ಬಂದರೆ ಸಣ್ಣದಾಗಿ ಒಳಗೆ ಕೂರುತ್ತದೆ, "ಭೀಮ" ಅಂತ ಎರಡೇ ಅಕ್ಷರ ಬಂದರೆ ಪಟ್ಟಿ ತುಂಬ ಹಿಗ್ಗುವುದಿಲ್ಲ. ಇನ್ನರ್ ಬೌಂಡ್ಸ್ ಹಾಕಿದರೆ ಹಿಗ್ಗುತ್ತದೆ, ಅಸಹ್ಯವಾಗಿ ಕಾಣುತ್ತದೆ.

ಸ್ಟುಡಿಯೋ ಮೋಡ್‌ನಲ್ಲಿ, ಅಂದರೆ ಪ್ರಿವ್ಯೂ ಒಂದು ಕಡೆ, ಲೈವ್ ಇನ್ನೊಂದು ಕಡೆ ಇಟ್ಟುಕೊಂಡು, ಕೆಲಸ ಮಾಡುವವರು ಇಲ್ಲಿ ಒಂದು ನೆನಪಿಡಬೇಕು. ಪ್ರಿವ್ಯೂನಲ್ಲಿ ನೀವು ಒಂದು ಲೇಯರ್ ಸರಿಸಿದರೆ ಟ್ರಾನ್ಸಿಷನ್ ಒತ್ತುವ ತನಕ ಅದು ಲೈವ್‌ಗೆ ಹೋಗುವುದಿಲ್ಲ. ಆದರೆ ಟೆಕ್ಸ್ಟ್ ಬದಲಿಸಿದರೆ ಲೈವ್‌ನಲ್ಲೂ ಆಗಲೇ ಬದಲಾಗುತ್ತದೆ, ಯಾಕೆಂದರೆ ಸೋರ್ಸ್ ಒಂದೇ. ಮೊದಲೇ ಹೇಳಿದೆನಲ್ಲ, ಜಾಗ ಸೀನ್‌ಗೆ ಸೇರಿದ್ದು, ಒಳಗಿನ ಸರಕು ಸೋರ್ಸ್‌ಗೆ ಸೇರಿದ್ದು.

ಒಂದೇ ಸೀನ್‌ನಲ್ಲಿ ಲೇಯರ್‌ನ ಎರಡು ಮೂರು ಸ್ಥಿತಿಗಳನ್ನು ಉಳಿಸಿ, ಕೀ ಒತ್ತಿದರೆ ಬದಲಾಗಬೇಕು ಅಂದರೆ ಮೂವ್ ಅನ್ನುವ ಪ್ಲಗಿನ್ ಹಾಕಿಕೊಳ್ಳಿ, ಉಚಿತ. ಅಕ್ಷರಶಃ ಪ್ರೀಸೆಟ್ ಬೇಕು ಅನ್ನುವವರಿಗೆ ಹತ್ತಿರ ಬರುವುದು ಇದೇ. ಸೀನ್‌ಗೆ ಮೂವ್ ಸೋರ್ಸ್ ಅನ್ನುವ ಫಿಲ್ಟರ್ ಹಾಕಿ, ಯಾವ ಸೋರ್ಸ್ ಅಂತ ಆರಿಸಿ, ಸೋರ್ಸ್ ಬೇಕಾದ ಜಾಗದಲ್ಲಿ ಇರುವಾಗ ಗೆಟ್ ಟ್ರಾನ್ಸ್‌ಫಾರ್ಮ್ ಒತ್ತಿ. ಆ ಜಾಗ, ಅಳತೆ, ಕ್ರಾಪ್ ಫಿಲ್ಟರ್‌ನಲ್ಲಿ ಕೂತಿತು. ಇನ್ನೊಂದು ಜಾಗಕ್ಕೆ ಇನ್ನೊಂದು ಫಿಲ್ಟರ್. ಒಂದೊಂದಕ್ಕೆ ಹಾಟ್ ಕೀ ಕೊಡಿ. ಮೇಷ್ಟ್ರು ರಾಗ ಎಳೆಯುವಾಗ ಅವರ ಬಾಕ್ಸ್ ಮೆಲ್ಲಗೆ ದೊಡ್ಡದಾಗಿ, ಮಾತು ಶುರುವಾದಾಗ ಮತ್ತೆ ಮೂಲೆಗೆ ಹೋಗುವ ಹಾಗೆ ಮಾಡಬಹುದು. ನೋಡಲು ಚೆನ್ನಾಗಿರುತ್ತದೆ. ಆದರೆ ಫಿಲ್ಟರ್ ಆ ಸೀನ್‌ಗೆ ಮಾತ್ರ, ಮತ್ತು ಬೇರೆ ಲ್ಯಾಪ್‌ಟಾಪ್‌ನಲ್ಲೂ ಆ ಪ್ಲಗಿನ್ ಇರಬೇಕು. ಮೊದಲ ತಿಂಗಳಲ್ಲೇ ಇದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಮೂಲ ಲೇಔಟ್ ಗಟ್ಟಿಯಾಗಲಿ.

ಇನ್ನು ವಿಮಿಕ್ಸ್. ಆಸ್ಟ್ರೇಲಿಯಾದ ಕಂಪನಿಯದು, ನಮ್ಮ ಕಡೆ ಮದುವೆ ಲೈವ್ ಮಾಡುವವರ ಬಾಯಲ್ಲಿ ಇದೇ ಹೆಸರು ಜಾಸ್ತಿ. ಒಳ್ಳೆಯ ಸಾಫ್ಟ್‌ವೇರ್, ಅನುಮಾನವಿಲ್ಲ. ಅದರಲ್ಲಿ ಕ್ಯಾಮೆರಾ, ಫೋಟೋ ಥರ ಒಳಗೆ ಹಾಕುವುದಕ್ಕೆ ಇನ್‌ಪುಟ್ ಅಂತ ಹೆಸರು, ಪ್ರತಿ ಇನ್‌ಪುಟ್‌ಗೂ 10 ಲೇಯರ್ ತನಕ ಕೂರಿಸಬಹುದು. ಎರಡು ಲೇಔಟ್‌ಗಳ ನಡುವೆ ಮರ್ಜ್ ಟ್ರಾನ್ಸಿಷನ್ ಹಾಕಿದರೆ ಬಾಕ್ಸ್‌ಗಳು ತಾವೇ ಸರಿದು ಹೊಸ ಜಾಗಕ್ಕೆ ಹೋಗುತ್ತವೆ, ಇದಕ್ಕೆ ಪ್ಲಗಿನ್ ಬೇಡ. ಯಾವ ಲೇಯರ್‌ನಲ್ಲಿ ಯಾವ ಇನ್‌ಪುಟ್ ಕೂರಬೇಕು ಅಂತ ಶಾರ್ಟ್‌ಕಟ್ ಕೂಡ ಕೊಡಬಹುದು. ಆದರೆ ಅಲ್ಲಿ ಪ್ರೀಸೆಟ್ ಅಂತ ಸೇವ್ ಆಗುವುದು ಇಡೀ ಶೋ, ಒಂದು ಲೇಯರ್‌ನ ಜೋಡಣೆ ಅಲ್ಲ. ಲೇಯರ್‌ನ ಜಾಗ ಆಯಾ ಇನ್‌ಪುಟ್ ಒಳಗೇ ಇರುತ್ತದೆ. ಅಲ್ಲೂ ಚೊಕ್ಕ ಮೂಲ ಪ್ರೀಸೆಟ್ ಒಂದು ಮಾಡಿ, ಪ್ರತಿ ಕಾರ್ಯಕ್ರಮಕ್ಕೂ ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಂಡೇ ಕೆಲಸ ಶುರು ಮಾಡಬೇಕು. ಅಂದರೆ ಶಿಸ್ತು ಅದೇ, ಹಣ ಮಾತ್ರ ಜಾಸ್ತಿ. 60 ಡಾಲರಿನ ಬೇಸಿಕ್ ಆವೃತ್ತಿಗೆ ಒಟ್ಟು ನಾಲ್ಕೇ ಇನ್‌ಪುಟ್. ಲೇಔಟ್ ಕೂಡ ಒಂದು ಇನ್‌ಪುಟ್ ಆಗಿಯೇ ಲೆಕ್ಕಕ್ಕೆ ಬರುವುದರಿಂದ ಮೂರು ಕ್ಯಾಮೆರಾ ಹಾಕಿದ ಮೇಲೆ ನಿಮಗೆ ಉಳಿಯುವುದು ಒಂದು. ಆದ್ದರಿಂದ 350 ಡಾಲರಿನ ಎಚ್‌ಡಿ ಆವೃತ್ತಿಗೇ ಹೋಗಬೇಕಾಗುತ್ತದೆ. 60 ದಿನ ಉಚಿತವಾಗಿ ಬಳಸಲು ಕೊಡುತ್ತಾರೆ, ಕೊಳ್ಳುವ ಮೊದಲು ಒಂದು ನಾಟಕದ ರೆಕಾರ್ಡಿಂಗ್ ಇಟ್ಟುಕೊಂಡು ಮನೆಯಲ್ಲೇ ಆಡಿಸಿ ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ.

ಕ್ಯಾಮೆರಾಗಳ ನಡುವೆ ಬದಲಿಸುವ ಯಂತ್ರ ಆಟೆಮ್ ಸ್ವಿಚರ್ ತೆಗೆದುಕೊಳ್ಳೋಣವಾ ಅಂತ ನೀವು ಕೇಳಿಲ್ಲ, ಆದರೂ ಮುಂದಿನ ಪ್ರಶ್ನೆ ಅದೇ ಇರುತ್ತದೆ. ಅದರ ಮಿನಿ ಎಕ್ಸ್‌ಟ್ರೀಮ್ ಮಾದರಿಯಲ್ಲಿ ಸೂಪರ್‌ಸೋರ್ಸ್ ಅಂತ ನಾಲ್ಕು ಬಾಕ್ಸ್‌ನ ಜೋಡಣೆ ಇದೆ, ಅದನ್ನು ಮ್ಯಾಕ್ರೋದಲ್ಲಿ ರೆಕಾರ್ಡ್ ಮಾಡಿ ಒಂದು ಬಟನ್‌ಗೆ ಕಟ್ಟಬಹುದು. ಮಿನಿ ಪ್ರೋದಲ್ಲಿ ಚಿತ್ರದೊಳಗೆ ಒಂದು ಸಣ್ಣ ಚಿತ್ರ ಮಾತ್ರ. ನಿಮ್ಮ ಜಾಹೀರಾತು ಕಂಬ, ಹೆಸರಿನ ಪಟ್ಟಿ ಎಲ್ಲ ಸೇರಿದ ಲೇಔಟ್‌ಗೆ ಕಂಪ್ಯೂಟರೇ ವಾಸಿ.

ಕೊನೆಗೆ ಒಂದು ಮುಖ್ಯ ವಿಷಯ. ಗೆಳೆಯರು ಕೇಳಿದರೆ ಸೀನ್ ಕಲೆಕ್ಷನ್‌ನ ಜೇಸನ್ ಕಳಿಸಬಹುದು, ಅದರಲ್ಲಿ ಸ್ಟ್ರೀಮ್ ಕೀ ಇರುವುದಿಲ್ಲ. ಆದರೆ ಯಾವುದಾದರೂ ಸೋರ್ಸ್‌ಗೆ ಪಾಸ್‌ವರ್ಡ್ ಇರುವ ಐಪಿ ಕ್ಯಾಮೆರಾ ವಿಳಾಸ ಅಥವಾ ನಿಮ್ಮ ಖಾತೆಯ ಲಿಂಕ್ ಹಾಕಿದ್ದರೆ ಅದು ಹೋಗುತ್ತದೆ, ಕಳಿಸುವ ಮುಂಚೆ ತೆಗೆಯಿರಿ. ಪ್ರೊಫೈಲ್ ಮಾತ್ರ ಯಾರಿಗೂ ಕಳಿಸಬೇಡಿ. ಎಕ್ಸ್‌ಪೋರ್ಟ್ ಮಾಡಿದ ಪ್ರೊಫೈಲ್ ಫೋಲ್ಡರ್‌ನಲ್ಲಿ ಸ್ಟ್ರೀಮ್ ಕೀ ಇರುತ್ತದೆ, ಅದು ಸಿಕ್ಕವರು ನಿಮ್ಮ ಚಾನೆಲ್‌ಗೆ ಏನು ಬೇಕಾದರೂ ಲೈವ್ ಬಿಡಬಹುದು. ಈಗಾಗಲೇ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿದ್ದರೆ ಯೂಟ್ಯೂಬ್ ಸ್ಟುಡಿಯೋಗೆ ಹೋಗಿ ಕೀ ರೀಸೆಟ್ ಮಾಡಿ, ಹೊಸದನ್ನು ಒಬಿಎಸ್‌ನಲ್ಲಿ ಹಾಕಿಕೊಳ್ಳಿ.